ನನ್ನಿವಾಳದ ಹಾದಿಯಲ್ಲಿ ಒಂದು ಪತ್ತೇದಾರಿ ಪುಸ್ತಕ

ಚಿತ್ರದುರ್ಗದ ಸೀಮೆಯನ್ನು ನೋಡಬೇಕೆಂದು ಹೊರಡುವವರು ಸಾಮಾನ್ಯವಾಗಿ ಏಳುಸುತ್ತಿನ ಕೋಟೆಯನ್ನು ಹತ್ತಿ ಇಳಿದು, ಬಿಡುವಿದ್ದರೆ ನಾಯಕನಹಟ್ಟಿಯಲ್ಲಿ ತಿಪ್ಪೇರುದ್ರಸ್ವಾಮಿಯ ದರ್ಶನವನ್ನು ಮಾಡಿಕೊಂಡು ಊರಿಗೆ ಹಿಂದಿರುಗುವರು. ಇನ್ನೂ ಸ್ವಲ್ಪ ಆಸಕ್ತಿಯುಳ್ಳವರು ಮೊಳಕಾಲ್ಮೂರಿನವರೆಗೆ ಹೋಗಿ, ಮನೆಯವರಿಗಾಗಿ ಒಂದು ರೇಷ್ಮೆ ಸೀರೆಯನ್ನು ಕೊಂಡು, ಬ್ರಹ್ಮಗಿರಿಯ ತಪ್ಪಲಿನಲ್ಲಿ ಅಶೋಕ ಚಕ್ರವರ್ತಿಯ ಶಾಸನವನ್ನು ನೋಡಿ ಬರುವುದೂ ಉಂಟು. ಆದರೆ ಚಳ್ಳಕೆರೆ ತಾಲ್ಲೂಕಿನ ನನ್ನಿವಾಳವೆಂಬ ಊರಿಗೆ, ಅಲ್ಲಿ ನೆಂಟರಿಷ್ಟರು ಇಲ್ಲದವರು ನೋಡುವುದಕ್ಕೆಂದೇ ಹೋದುದನ್ನು ನಾವು ಅಷ್ಟಾಗಿ ಕೇಳಿರಲಿಲ್ಲ. ನಮಗಾದರೂ ಅಲ್ಲಿಗೆ ಹೋಗುವ ಯೋಗವು ಬಂದುದು ನಮ್ಮ ಹಳೆಯ ಸ್ನೇಹಿತರಾದ ನಿವೃತ್ತ ಉಪಾಧ್ಯಾಯರೊಬ್ಬರ ದೆಸೆಯಿಂದ. “ಮ್ಯಾಸನಾಯಕರ ಕಟ್ಟೆಮನೆಯನ್ನೂ ದೇವರ ಎತ್ತುಗಳನ್ನೂ ನೋಡದೆ ಈ ಸೀಮೆಯನ್ನು ನೋಡಿದೆವೆಂದು ಹೇಳಿಕೊಳ್ಳಬೇಡಿರಿ” ಎಂದು ಅವರು ಎರಡು ವರ್ಷಗಳಿಂದ ಹೇಳಿ ಕಳುಹಿಸುತ್ತಲೇ ಇದ್ದರು. ಕಳೆದ ಕಾರ್ತಿಕಮಾಸದಲ್ಲಿ ಒಂದು ದಿನ, ನಾವೂ ನಮ್ಮ ಮನೆಯವರೂ ಬುತ್ತಿಯನ್ನು ಕಟ್ಟಿಕೊಂಡು ಹೊರಟೆವು.

ಚಳ್ಳಕೆರೆಯನ್ನು ಎಣ್ಣೆಯ ಊರೆಂದು ಕರೆಯುವುದು ವಾಡಿಕೆ. ಶೇಂಗಾಕಾಯಿಯ ವ್ಯಾಪಾರದಿಂದಲೂ ಎಣ್ಣೆಯ ಗಿರಣಿಗಳಿಂದಲೂ ಈ ಪಟ್ಟಣಕ್ಕೆ ಆ ಹೆಸರು ಬಂದಿತು. ಇಲ್ಲಿಯ ಕಂಬಳಿಗೂ ಹಾಗೆಯೇ ದೂರದೂರದವರೆಗೆ ಹೆಸರುಂಟು. ಮಳೆಯಾದರೋ ರಾಜ್ಯದಲ್ಲಿಯೇ ಅತಿ ಕಡಿಮೆಯಾಗಿ ಬೀಳುವ ತಾಲ್ಲೂಕುಗಳಲ್ಲಿ ಇದೂ ಒಂದು. ಹೀಗಾಗಿ ಇಲ್ಲಿಯ ಜನರು ಆಕಾಶವನ್ನು ನೋಡುವುದರಲ್ಲಿಯೂ, ಬಸ್ಸಿನ ದಾರಿಯನ್ನು ನೋಡುವುದರಲ್ಲಿಯೂ ಸಮಾನವಾದ ತಾಳ್ಮೆಯುಳ್ಳವರು. ಆ ದಿನ ನಾವೂ ಬಸ್ಸಿನ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಆ ತಾಳ್ಮೆಯನ್ನು ಅಭ್ಯಾಸಮಾಡತೊಡಗಿದೆವು.

ನಮ್ಮ ಪಕ್ಕದಲ್ಲಿ ನಡುವಯಸ್ಸಿನ ಒಬ್ಬ ಮನುಷ್ಯನು ಹೆಗಲಮೇಲೆ ಟವಲನ್ನು ಹಾಕಿಕೊಂಡು, ಸುತ್ತಲಿನ ಗದ್ದಲವು ತನಗೆ ಸಂಬಂಧಿಸಿದುದೇ ಅಲ್ಲವೆಂಬಂತೆ ಒಂದು ಪುಸ್ತಕದಲ್ಲಿ ಮುಳುಗಿದ್ದನು. ಕೊನೆಯ ಹಾಳೆಯನ್ನು ಮಗುಚಿ, ಒಂದು ನಿಟ್ಟುಸಿರನ್ನು ಬಿಟ್ಟು, ತನ್ನ ಬಸ್ಸು ಬಂದುದನ್ನು ಕಂಡು ಎದ್ದವನು, ಆ ಪುಸ್ತಕವನ್ನು ನಮ್ಮ ಕೈಯಲ್ಲಿಟ್ಟನು.

“ತಗಳ್ರಿ ಸ್ವಾಮಿ, ನಂದು ಓದಿ ಆತು. ನಿಮ್ ಬಸ್ಸು ಬರಾಕೆ ಇನ್ನೂ ಹೊತ್ತೈತೆ.”

ನಾವು ಜೇಬಿಗೆ ಕೈಹಾಕಿದುದನ್ನು ಕಂಡು ಅವನು ನಕ್ಕುಬಿಟ್ಟನು. “ದುಡ್ಡು ಬ್ಯಾಡ ಸ್ವಾಮಿ. ನಂಗೂ ಯಾರೋ ಹಿಂಗೇ ಕೊಟ್ರು. ಓದಿ ಆದ್ಮೇಲೆ ನೀವೂ ಯಾರಿಗಾದ್ರೂ ಕೊಟ್ಬಿಡ್ರಿ.” ಹೀಗೆಂದು, ಹೆಸರನ್ನಾಗಲಿ ಊರನ್ನಾಗಲಿ ಹೇಳದೆ, ಜನರ ನಡುವೆ ನುಗ್ಗಿ ಬಸ್ಸನ್ನು ಹತ್ತಿದನು.

ಪುಸ್ತಕವು ಪತ್ತೇದಾರಿ ಕಾದಂಬರಿ. ರಕ್ಷಾಪತ್ರವೂ ಮೊದಲನೆಯ ಕೆಲವು ಹಾಳೆಗಳೂ ಹೋಗಿದ್ದುದರಿಂದ, ಅದರ ಹೆಸರೇನು, ಬರೆದವರಾರು ಎಂಬುದನ್ನು ಪತ್ತೆಮಾಡುವುದಕ್ಕೇ ಒಬ್ಬ ಪತ್ತೇದಾರನು ಬೇಕಾಗಿತ್ತು. ಯಾರೋ ಪುಣ್ಯಾತ್ಮರು ಬೆನ್ನಿಗೆ ಮೈದಾಹಿಟ್ಟಿನ ಸರಿಯನ್ನು ಬಳಿದು, ಕಂದುಬಣ್ಣದ ಕಾಗದವನ್ನು ಹೊದಿಸಿದ್ದರು. ಒಳಮೈಯಲ್ಲಿ ಪೆನ್ಸಿಲ್ಲಿನಿಂದ ದಪ್ಪಕ್ಷರದಲ್ಲಿ ಮೂರು ಸಾಲುಗಳಿದ್ದುವು: “ಓದಿ ಕೊಡಿರಿ. ಮಾರಬೇಡಿರಿ. ಕಳ್ಳನ ಹೆಸರನ್ನು ಹೇಳಬೇಡಿರಿ.” ಅದರ ಕೆಳಗೆ, ಬೇರೆಬೇರೆ ಕೈಬರಹದಲ್ಲಿ ಊರುಗಳ ಹೆಸರು ಮಾತ್ರ: ತಳುಕು, ಪರಶುರಾಂಪುರ, ನಾಯಕನಹಟ್ಟಿ, ರಾಯದುರ್ಗ, ಮೊಳಕಾಲ್ಮೂರು, ಹಿರಿಯೂರು, ಮತ್ತೆ ತಳುಕು. ತಳುಕೆಂದರೆ ಕನ್ನಡದ ಆಚಾರ್ಯರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರ (೧೮೮೫-೧೯೩೯) ಊರು. ಅದೇ ಮನೆತನದ ತ. ರಾ. ಸುಬ್ಬರಾಯರು (೧೯೨೦-೧೯೮೪) ದುರ್ಗದ ಕಥೆಯನ್ನು ಕಾದಂಬರಿಗಳಾಗಿ ಬರೆದು ಮನೆಮನೆಗೆ ಮುಟ್ಟಿಸಿದವರು. ಅಂತಹ ಊರಿಗೆ ಈ ಬಡ ಪುಸ್ತಕವೂ ಎರಡು ಸಲ ಹೋಗಿ ಬಂದಿತ್ತೆಂಬುದನ್ನು ಕಂಡು ನಮಗೆ ನಗೆಯೂ ಬಂದಿತು, ಗೌರವವೂ ಉಂಟಾಯಿತು.

ಪತ್ತೇದಾರಿ ಪುಸ್ತಕವೆಂದರೆ ಮೂಗುಮುರಿಯುವ ಗೃಹಸ್ಥರು ಅನೇಕರುಂಟು. ನಾವೂ ಒಂದು ಕಾಲದಲ್ಲಿ ಅವರ ಪಂಕ್ತಿಯಲ್ಲಿಯೇ ಇದ್ದೆವು. ಮಕ್ಕಳು ಪಠ್ಯಪುಸ್ತಕದ ಒಳಗೆ ಅವನ್ನು ಅಡಗಿಸಿಕೊಂಡು ಓದುವರು, ದೀಪವನ್ನು ಬೇಗ ಆರಿಸುವುದಿಲ್ಲ ಎಂಬುವು ನಮ್ಮ ದೂರುಗಳು. ಆದರೆ ಈ ಜಾತಿಯ ಬರೆವಣಿಗೆಯಿಂದ ಕನ್ನಡಕ್ಕಾದ ಉಪಕಾರವನ್ನು ಲೆಕ್ಕಹಾಕಿದರೆ ದೂರು ಹಗುರಾಗುವುದು. ೧೮೪೧ರಲ್ಲಿ ಅಮೇರಿಕಾದ ಎಡ್ಗರ್ ಅಲನ್ ಪೋ ಎಂಬವನು ಮೊದಲುಮಾಡಿದ ಈ ಬಗೆಯ ಕಥೆಯು, ೧೮೮೭ರಲ್ಲಿ ಕಾನನ್ ಡಾಯಲನ ಷರ್ಲಾಕ್ ಹೋಮ್ಸನ ಮೂಲಕ ಲೋಕವನ್ನೆಲ್ಲ ಆಕ್ರಮಿಸಿತು. ನಮ್ಮಲ್ಲಿ ಅದನ್ನು ಹಳ್ಳಿಗಳವರೆಗೆ ಒಯ್ದವರಲ್ಲಿ ಅಗ್ರಗಣ್ಯರು ಎನ್. ನರಸಿಂಹಯ್ಯನವರು (೧೯೨೫-೨೦೧೧). ಇವರು ಓದಿದ್ದು ನಾಲ್ಕನೆಯ ತರಗತಿಯವರೆಗೆ ಮಾತ್ರ. ಹೊಟ್ಟೆಪಾಡಿಗಾಗಿ ಬಸ್ಸಿನ ಕಂಡಕ್ಟರಿಕೆಯನ್ನೂ ಮಾಡಿದವರು. ೧೯೫೨ರಲ್ಲಿ ‘ಪತ್ತೇದಾರ ಪುರುಷೋತ್ತಮ’ನನ್ನು ಹೊರತಂದ ಮೇಲೆ, ಅವರ ಲೇಖನಿಯಿಂದ ಬಂದ ಕಾದಂಬರಿಗಳು ಐದುನೂರನ್ನು ಮೀರಿದುವು. ಕನ್ನಡದ ಹೋರಾಟಗಾರರೂ, ಹಳದಿ ಕೆಂಪು ಬಣ್ಣದ ಕನ್ನಡದ ಬಾವುಟವನ್ನು ರೂಪಿಸಿದವರೂ ಆದ ಮ. ರಾಮಮೂರ್ತಿಗಳು (೧೯೧೮-೧೯೬೭) ಸಹ ಪತ್ತೇದಾರಿ ಕಾದಂಬರಿಗಳನ್ನು ಬರೆದವರೇ. ಕೂಡಿಸಿ ಓದುವುದು ಮಾತ್ರ ಬಲ್ಲ ಎಷ್ಟೋ ಜನರಿಗೆ ಸರಾಗವಾಗಿ ಓದುವುದನ್ನು ಕಲಿಸಿದುದು ಇಂತಹ ಪುಸ್ತಕಗಳು. ಮುಂದಿನ ಪುಟದಲ್ಲಿ ಏನಾಯಿತೋ ಎಂಬ ತವಕಕ್ಕಿಂತ ಒಳ್ಳೆಯ ಉಪಾಧ್ಯಾಯನು ಯಾವ ಶಾಲೆಯಲ್ಲಿದ್ದಾನೆ?

ಇವನ್ನು ಕೊಂಡು ಓದಿದವರಿಗಿಂತ ಎರವು ತಂದು ಓದಿದವರೇ ಹೆಚ್ಚು. ಪೇಟೆಗಳಲ್ಲಿ ದಿನಕ್ಕೆ ಇಷ್ಟು ಬಾಡಿಗೆಯೆಂದು ಪುಸ್ತಕವನ್ನು ಕೊಡುವ ಅಂಗಡಿಗಳಿದ್ದುವು. ಹಳ್ಳಿಗಳಲ್ಲಿ ಅದೂ ಇಲ್ಲದುದರಿಂದ ಕೈಯಿಂದ ಕೈಗೆ ಸಾಗುವುದೊಂದೇ ದಾರಿಯಾಗಿತ್ತು. ಒಂದು ಕಾಲದಲ್ಲಿ ಗಳಗನಾಥರು (೧೮೬೯-೧೯೪೨) ತಮ್ಮ ಪುಸ್ತಕಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಆಮೇಲೆ ಆ ಹೊರೆಯನ್ನು ಓದುಗರೇ ಹಂಚಿಕೊಂಡರೆಂದು ಹೇಳಬಹುದು. ೨೦೦೧ರಲ್ಲಿ ಅಮೇರಿಕಾದವರು ಪುಸ್ತಕವನ್ನು ಓದಿ, ಅಪರಿಚಿತರಿಗೆ ಸಿಕ್ಕಲೆಂದು ದಾರಿಯಲ್ಲಿ ಬಿಟ್ಟುಹೋಗುವ ಪದ್ಧತಿಗೆ ‘ಬುಕ್‌ಕ್ರಾಸಿಂಗ್’ ಎಂದು ಹೆಸರಿಟ್ಟು ಪ್ರಚಾರಮಾಡಿದರು. ಚಳ್ಳಕೆರೆಯ ಆ ಟವಲಿನ ಮನುಷ್ಯನಿಗೆ ಆ ಹೆಸರು ತಿಳಿದಿದ್ದಿತೆಂದು ನಮಗೆ ತೋರಲಿಲ್ಲ. ಇನ್ನು ಕಳ್ಳನ ಹೆಸರನ್ನು ಹೇಳಬಾರದೆಂಬ ಆ ಕಟ್ಟುಪಾಡು! ಲಂಡನ್ ನಗರದಲ್ಲಿ ಅಗಾಥಾ ಕ್ರಿಸ್ಟಿಯವರ ‘ದಿ ಮೌಸ್‌ಟ್ರಾಪ್’ ಎಂಬ ನಾಟಕವು ೧೯೫೨ರ ನವೆಂಬರಿನಲ್ಲಿ ಆರಂಭವಾದಂದಿನಿಂದ, ಅಪರಾಧಿ ಯಾರೆಂಬುದನ್ನು ಹೊರಗೆ ಹೇಳಬಾರದೆಂದು ಪ್ರೇಕ್ಷಕರನ್ನು ಬೇಡಿಕೊಳ್ಳುವ ಸಂಪ್ರದಾಯವುಂಟು. ಲಂಡನ್ನಿನ ರಂಗಮಂದಿರಕ್ಕೂ ಚಳ್ಳಕೆರೆಯ ಕಲ್ಲುಬೆಂಚಿಗೂ ಒಂದೇ ಶಾಸನ!

ಅಷ್ಟರಲ್ಲಿ ನಮ್ಮ ಬಸ್ಸು ಬಂದಿತು. ಊರನ್ನು ದಾಟಿದೊಡನೆಯೇ ಬಯಲು. ಅಲ್ಲಲ್ಲಿ ಜಾಲಿಯ ಗಿಡ, ಕಲ್ಲುಗುಡ್ಡ, ಕಿತ್ತು ಒಟ್ಟಿದ ಶೇಂಗಾ ಬಳ್ಳಿಯ ಬಣವೆಗಳು, ಅವುಗಳ ನೆರಳಿನಲ್ಲಿ ಕುಳಿತು ಕಾಯಿ ಬಿಡಿಸುತ್ತಿದ್ದ ಹೆಂಗಸರು. ಹಿಂದೆ ಮೈಸೂರು ಸಂಸ್ಥಾನದ ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ಹುಲ್ಲುಗಾವಲುಗಳು ಈ ತಾಲ್ಲೂಕಿನಲ್ಲಿ ವಿಸ್ತಾರವಾಗಿದ್ದುವು. ಈಚೆಗೆ ಆ ಕಾವಲುಗಳ ಬಹುಭಾಗವು ವಿಜ್ಞಾನಸಂಸ್ಥೆಗಳಿಗೂ ರಕ್ಷಣಾ ಇಲಾಖೆಯ ಪ್ರಯೋಗಗಳಿಗೂ ಸಂದಿದೆ. ೨೦೧೭ರಲ್ಲಿ ವರವು ಕಾವಲಿನಲ್ಲಿ ವಿಮಾನಪರೀಕ್ಷೆಯ ನೆಲೆಯೂ ಆರಂಭವಾಯಿತು. ದನ ಮೇಯುತ್ತಿದ್ದ ನೆಲದ ಮೇಲೆ ಈಗ ಆಳಿಲ್ಲದ ವಿಮಾನಗಳು ಹಾರುತ್ತವೆ.

ನನ್ನಿವಾಳದಲ್ಲಿ ಸ್ನೇಹಿತರು ಎದುರುಗೊಂಡು, ಮೊದಲು ಕಟ್ಟೆಮನೆಯನ್ನೂ ಅನಂತರ ದೇವರ ಎತ್ತುಗಳ ಮಂದೆಯನ್ನೂ ತೋರಿಸಿದರು. ಕಟ್ಟೆಮನೆಯೆಂದರೆ ಮ್ಯಾಸನಾಯಕರ ಕುಲದ ನ್ಯಾಯ, ಪೂಜೆ, ಕಟ್ಟುಪಾಡುಗಳಿಗೆ ಮೂಲಸ್ಥಾನವಾದ ನೆಲೆ. ಸುತ್ತಲಿನ ಹಟ್ಟಿಗಳು ಅದಕ್ಕೆ ಒಳಪಟ್ಟು ನಡೆಯುವುವು. ದೇವರ ಎತ್ತುಗಳಾದರೋ ನೊಗವನ್ನು ಕಾಣದವು; ಅವನ್ನು ಉಳುವುದಕ್ಕಾಗಲಿ ಗಾಡಿಗಾಗಲಿ ಹೂಡುವ ಹಾಗಿಲ್ಲ. ಅವು ಒಬ್ಬರ ಕೊಟ್ಟಿಗೆಗೆ ಸೇರಿದವಲ್ಲ. ಅವನ್ನು ಮೇಯಿಸುವುದಕ್ಕೆ ಕಿಲಾರಿಗಳುಂಟು. ಬರಗಾಲ ಬಂದಾಗ ಅವುಗಳ ಮೇವು ನೀರಿನ ಚಿಂತೆಯು ಎಲ್ಲರ ಚಿಂತೆಯಾಗುವುದು. ಯಾರದೂ ಅಲ್ಲದುದನ್ನು ಎಲ್ಲರೂ ಕಾಪಾಡುವ ಈ ರೀತಿಯನ್ನು ನೋಡುತ್ತಿದ್ದಾಗ, ನಮ್ಮ ಚೀಲದಲ್ಲಿದ್ದ ಪುಸ್ತಕದ ನೆನಪಾಯಿತು.

ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ನಾವು ಅದನ್ನು ಗಟ್ಟಿಯಾಗಿ ಓದತೊಡಗಿದೆವು. ಮೊದಲು ಕೇಳುತ್ತಿದ್ದವರು ನಮ್ಮ ಮನೆಯವರೂ ಸ್ನೇಹಿತರೂ ಇಬ್ಬರೇ. ಸ್ವಲ್ಪ ಹೊತ್ತಿನಲ್ಲಿ ಪಕ್ಕದ ಮನೆಯ ಮುದುಕಪ್ಪನು ಬಂದು ಕಂಬಕ್ಕೆ ಒರಗಿಕೊಂಡನು. ಶೇಂಗಾದ ಮೊರವನ್ನು ಹಿಡಿದುಕೊಂಡು ಒಬ್ಬ ಅಜ್ಜಿ ಬಂದಳು. ಏಳನೆಯ ತರಗತಿಯಲ್ಲಿ ಓದುತ್ತಿದ್ದ ಅವಳ ಮೊಮ್ಮಗಳು ಬಾಗಿಲ ಬಳಿ ನಿಂತಳು. ಈ ಸೀಮೆಯ ಅನೇಕ ಮನೆಗಳಲ್ಲಿ ಮನೆಮಾತು ತೆಲುಗು, ಓದುಬರಹ ಕನ್ನಡ. ಅಜ್ಜಿಗೆ ತಿಳಿಯದ ಗ್ರಾಂಥಿಕ ಮಾತು ಬಂದಾಗಲೆಲ್ಲ ಹುಡುಗಿಯು ಅದನ್ನು ತೆಲುಗಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಜಮೀನುದಾರನೊಬ್ಬನ ಮನೆಯಲ್ಲಿ ರಾತ್ರಿ ಒಡವೆಯ ಪೆಟ್ಟಿಗೆಯು ಮಾಯವಾಗಿದೆ; ಕಾವಲುಗಾರನು ಸತ್ತುಬಿದ್ದಿದ್ದಾನೆ; ಪತ್ತೇದಾರನು ಇನ್ನೂ ಬಂದಿಲ್ಲ. ಮೊರದಲ್ಲಿ ಆಡುತ್ತಿದ್ದ ಅಜ್ಜಿಯ ಕೈ ನಿಂತುಹೋಗಿತ್ತು.

ನಡುವೆ ಒಂದು ಪುಟಕ್ಕೆ ಬಂದಾಗ ನಮ್ಮ ಬಾಯಿಯೂ ನಿಂತಿತು. ಕಥೆಯಲ್ಲಿ ಪೊಲೀಸಿನವರು ಊರಹೊರಗೆ ಬಿಡಾರಮಾಡಿದ್ದ ಅಲೆಮಾರಿ ಪಂಗಡದ ಒಬ್ಬನನ್ನು ಹಿಡಿದುತರುವರು. ಸಾಕ್ಷ್ಯವೇನೆಂದು ಕೇಳಿದ್ದಕ್ಕೆ, ಈ ಜಾತಿಯವರಿಗೆ ಕಳವು ಹುಟ್ಟುಗುಣವೆಂದು ಇನ್ಸ್‌ಪೆಕ್ಟರನು ಹೇಳುವನು. ಆ ಸಾಲನ್ನು ಯಾರೋ ನೀಲಿ ಮಸಿಯಲ್ಲಿ, ಕಾಗದವು ಹರಿಯುವಷ್ಟು ಒತ್ತಿ, ಹೊಡೆದುಹಾಕಿದ್ದರು. ಪಕ್ಕದಲ್ಲಿ, ಬರೆದು ರೂಢಿಯಿಲ್ಲದ ಅಕ್ಷರಗಳಲ್ಲಿ ಹೀಗಿತ್ತು: “ನಾನು ಆ ಜಾತಿಯವನು. ನಮ್ಮಪ್ಪ ಕದ್ದಿಲ್ಲ.”

ನಾವು ಅದನ್ನು ಹಾರಿಸಿ ಮುಂದೆ ಓದಿದೆವು. ಸತ್ಯವನ್ನೇ ಹೇಳಬೇಕಾದರೆ, ಎಲ್ಲರೂ ಕಥೆಯ ಸವಿಯಲ್ಲಿರುವಾಗ ಅದನ್ನು ಕೆಡಿಸುವುದೇಕೆಂದು ನಮಗೆ ತೋರಿತು. ಆದರೆ ಹುಡುಗಿಯು ಅಷ್ಟರಲ್ಲಿ ನಮ್ಮ ಬೆನ್ನಹಿಂದೆ ಬಂದು ನಿಂತಿದ್ದಳು. “ತಾತಾ, ಪಕ್ಕದಾಗೆ ಬರೆದಿರೋದ ಓದ್ಲೇ ಇಲ್ಲ” ಎಂದಳು. ನಮ್ಮ ಮನೆಯವರು ನಮ್ಮ ಮುಖವನ್ನು ನೋಡಿದರು. ನಾವು ನಾಚಿ, ಹಿಂದಕ್ಕೆ ಮಗುಚಿ, ಹೊಡೆದುಹಾಕಿದ್ದ ಸಾಲನ್ನೂ ಪಕ್ಕದ ಬರಹವನ್ನೂ ಓದಿದೆವು.

ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಕಂಬಕ್ಕೆ ಒರಗಿದ್ದ ಮುದುಕಪ್ಪನು ಹೇಳಿದನು: “ನಮ್ ಸಣ್ಣತನದಾಗೆ ಊರಾಗೆ ಏನು ಕಳುವಾದ್ರೂ ಮೊದ್ಲು ಊರಹೊರಗಿನ ಗುಡಿಸ್ಲು ಜಾಲಾಡೋರು ಸ್ವಾಮಿ. ಏನೂ ಸಿಕ್ಕಲಿಲ್ಲ ಅಂದ್ರೂ ಹೊಡೆಯೋರು. ಒಂದ್ಸಲ ನಮ್ಮನೇದೇ ಹಿತ್ತಾಳೆ ತಂಬಿಗೆ ಹೋತು. ಹಂಗೇ ಮಾಡಿದ್ರು. ಎಂಟು ದಿನ ಆದ್ಮೇಲೆ ತಂಬಿಗೆ ನಮ್ ಬಾವ್ಯಾಗೇ ಸಿಕ್ತು.”

“ಆಮೇಲೆ?” ಎಂದಳು ಹುಡುಗಿ.

“ಆಮೇಲೇನವ್ವಾ? ನಮ್ಮಪ್ಪ ಹೇಳಾಕೆ ಅಂತ ಹೋದ. ಅಷ್ಟೊತ್ತಿಗೆ ಅವರು ಗುಡಿಸ್ಲು ಕಿತ್ಕಂಡು ಹೋಗಿದ್ರು.”

ಆ ಪುಸ್ತಕದ ಇನ್ಸ್‌ಪೆಕ್ಟರನು ಆಡಿದ ಮಾತು ಕೇವಲ ಕಥೆಗಾರನ ಕಲ್ಪನೆಯಲ್ಲ. ೧೮೭೧ರಲ್ಲಿ ಬ್ರಿಟಿಷ್ ಸರ್ಕಾರವು ಅಪರಾಧಿ ಬುಡಕಟ್ಟುಗಳ ಕಾಯಿದೆಯೆಂಬುದನ್ನು ಮಾಡಿ, ಕೆಲವು ಪಂಗಡಗಳಲ್ಲಿ ಹುಟ್ಟಿದವರನ್ನೆಲ್ಲ ಅಪರಾಧಿಗಳೆಂದೇ ಪಟ್ಟಿಯಲ್ಲಿ ಬರೆದಿಟ್ಟಿತು. ಅವರು ಪೊಲೀಸಿನವರಿಗೆ ಹಾಜರಿಯನ್ನು ಕೊಡಬೇಕು. ಅಪ್ಪಣೆಯಿಲ್ಲದೆ ಊರನ್ನು ಬಿಡಬಾರದು. ಆ ಕಾಯಿದೆಯು ರದ್ದಾದುದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, ೧೯೫೨ರ ಆಗಸ್ಟ್ ೩೧ರಂದು. ಅಂದಿನಿಂದ ಆ ಜನರಿಗೆ ವಿಮುಕ್ತರೆಂಬ ಹೆಸರಾಯಿತು. ನರಸಿಂಹಯ್ಯನವರ ಪುರುಷೋತ್ತಮನು ಕನ್ನಡದಲ್ಲಿ ಕಳ್ಳರನ್ನು ಹುಡುಕಲು ಹೊರಟ ವರ್ಷವೂ ಅದೇ. ಆದರೆ ಕಾಗದದ ಮೇಲೆ ರದ್ದಾದ ಕಾಯಿದೆಯು ಜನರ ನಾಲಗೆಯ ಮೇಲೆ ಬಹುಕಾಲ ಉಳಿಯುವುದು. ನಾವೇ ಚಿಕ್ಕಂದಿನಲ್ಲಿ ಇಂತಹ ಸಾಲುಗಳನ್ನು ಎಷ್ಟೋ ಕಡೆ ಓದಿ, ಒಂದು ಕ್ಷಣವೂ ನಿಲ್ಲದೆ ಪುಟವನ್ನು ಮಗುಚಿದ್ದೆವು. ಆ ಸಾಲು ಯಾರ ಮನೆಯ ಬಾಗಿಲನ್ನು ತಟ್ಟುವುದೆಂದು ನಮಗೆ ಹೊಳೆದಿರಲಿಲ್ಲ. ಪುಸ್ತಕವು ನಮ್ಮ ಮನೆಯ ಬೀರುವಿನಲ್ಲಿಯೇ ಇದ್ದಿದ್ದರೆ ಹೊಳೆಯುತ್ತಲೂ ಇರಲಿಲ್ಲ. ಅಪರಿಚಿತರ ಕೈಯಿಂದ ಕೈಗೆ ಹೋದುದರಿಂದಲೇ ಅದಕ್ಕೊಂದು ಉತ್ತರವು ಸಿಕ್ಕಿತು.

ಇಷ್ಟಾದರೂ ಪುಸ್ತಕದ ಕರ್ತೃವಿಗೆ ಅನ್ಯಾಯವಾಗಬಾರದು. ಆ ಮಾತನ್ನು ಆಡಿದವನು ಕಥೆಯ ಇನ್ಸ್‌ಪೆಕ್ಟರನು, ಪತ್ತೇದಾರನಲ್ಲ. ಒಳ್ಳೆಯ ಪತ್ತೇದಾರಿ ಕಥೆಯ ಧರ್ಮವೇ, ಎಲ್ಲರೂ ಮೊದಲು ಬೆರಳುಮಾಡಿದ ಬಡವನು ನಿರಪರಾಧಿಯೆಂದು ಕೊನೆಯಲ್ಲಿ ತೋರಿಸುವುದಲ್ಲವೆ? ಈ ಕಥೆಯಲ್ಲಿಯೂ ಹಾಗೆ ಆಗುವುದೋ ಇಲ್ಲವೋ! ನೀಲಿ ಮಸಿಯವರು ಕೊನೆಯವರೆಗೆ ಓದಿ ಬರೆದರೋ, ಆ ಸಾಲಿನಲ್ಲಿಯೇ ಮನನೊಂದು ಬರೆದರೋ! ಈಗ ನಮಗೆಲ್ಲರಿಗೂ ಒಡವೆಯ ಪೆಟ್ಟಿಗೆಯ ಚಿಂತೆಯು ಹೋಗಿ, ಆ ಅಲೆಮಾರಿಯ ಗತಿಯೇನೆಂಬ ಚಿಂತೆಯು ಹಿಡಿಯಿತು. ನಮ್ಮ ಕಣ್ಣುಗಳು ಸೋತುವು. ಹುಡುಗಿಯು ಪುಸ್ತಕವನ್ನು ತೆಗೆದುಕೊಂಡು ಓದತೊಡಗಿದಳು. ಮೊದಲು ತಡೆತಡೆದು, ಒತ್ತಕ್ಷರಗಳಲ್ಲಿ ಎಡವಿ ಓದುತ್ತಿದ್ದವಳು, ಪತ್ತೇದಾರನು ಬಂದು ಕಿಟಕಿಯ ಸರಳನ್ನು ಪರೀಕ್ಷಿಸುವ ಹೊತ್ತಿಗೆ ಹೊಳೆಯಂತೆ ಓದುತ್ತಿದ್ದಳು.

ಇನ್ನು ನಲವತ್ತು ಪುಟಗಳಿರುವಾಗ ಸ್ನೇಹಿತರು ಗಡಿಯಾರವನ್ನು ನೋಡಿ, ಬಸ್ಸಿಗೆ ಹೊತ್ತಾಯಿತೆಂದರು. ಹುಡುಗಿಯು ಓದುವುದನ್ನು ನಿಲ್ಲಿಸಿ, ಬೆರಳನ್ನು ಪುಟದ ನಡುವೆ ಇಟ್ಟುಕೊಂಡೇ, ಪುಸ್ತಕವನ್ನು ನಮ್ಮ ಕಡೆಗೆ ಚಾಚಿದಳು. ಕೊಡುವುದಕ್ಕೆ ಅವಳಿಗೆ ಮನಸ್ಸಿರಲಿಲ್ಲ, ಕೇಳುವುದಕ್ಕೆ ಬಾಯಿರಲಿಲ್ಲ. ನಾವು ನಮ್ಮ ಮನಸ್ಸಿನಲ್ಲಿ ವಾದವನ್ನು ಹೂಡಿದೆವು. ಓದಿ ಕೊಡಿರೆಂದಲ್ಲವೆ ಬರೆದಿರುವುದು? ನಾವು ಓದಿ ಮುಗಿಸಿಲ್ಲ. ಆದುದರಿಂದ ಕೊಡಬೇಕಾದ ಕಾಲವೂ ಬಂದಿಲ್ಲ. ಊರಿಗೆ ಹೋಗಿ ಮುಗಿಸಿ ಅಂಚೆಯಲ್ಲಿ ಕಳುಹಿಸಬಹುದು. ಇಂತಹ ವಾದಗಳು ಎಷ್ಟೋ ಪುಸ್ತಕಗಳನ್ನು ಎಷ್ಟೋ ಮನೆಗಳ ಬೀರುವಿನಲ್ಲಿ ಶಾಶ್ವತವಾಗಿ ಬಂಧಿಸಿಟ್ಟಿವೆ. ಎರವು ತಂದ ಪುಸ್ತಕವನ್ನು ಹಿಂದಿರುಗಿಸದ ವಾಚಕರು ಯಾರಾದರೂ ಇದನ್ನು ಓದುತ್ತಿದ್ದರೆ, ಅವರಿಗೆ ನಾವು ಹೆಚ್ಚು ವಿವರಿಸಬೇಕಾದುದಿಲ್ಲ.

ನಮ್ಮ ಮನೆಯವರೇ ತೀರ್ಪನ್ನು ಕೊಟ್ಟರು. “ನಮಗೆ ಪೇಟೆಯಲ್ಲಿ ಪುಸ್ತಕಕ್ಕೆ ಬರವೆ? ಮಗು ಓದಿ ಮುಗಿಸಲಿ. ಅಜ್ಜಿಯೂ ಕೇಳಲಿ” ಎಂದರು. ನಾವು ಪೆನ್ಸಿಲನ್ನು ತೆಗೆದು, ಊರುಗಳ ಪಟ್ಟಿಯ ಕೊನೆಯಲ್ಲಿ ‘ನನ್ನಿವಾಳ’ ಎಂದು ಬರೆದೆವು. ಆಮೇಲೆ ಆ ಪುಟವನ್ನು ಹುಡುಕಿ, ನೀಲಿ ಮಸಿಯ ಬರಹದ ಕೆಳಗೆ, “ಇಲ್ಲಿ ಆರು ಜನ ಇದನ್ನು ಓದಿ ಕೇಳಿದೆವು” ಎಂದಷ್ಟೇ ಬರೆದೆವು. ಮುದುಕಪ್ಪನು ಬಗ್ಗಿ ನೋಡಿ, ಏನು ಬರೆದಿರೆಂದು ಕೇಳಿದನು, ಓದಿ ಹೇಳಿದೆವು. “ತಂಬಿಗೇದೂ ಬರೀರಿ” ಎಂದನು. ಅದನ್ನೂ ಬರೆದೆವು.

ಹುಡುಗಿಯನ್ನು, ಓದಿದ ಮೇಲೆ ಯಾರಿಗೆ ಕೊಡುವೆಯಮ್ಮಾ ಎಂದು ಕೇಳಿದ್ದಕ್ಕೆ, ಅವಳು ಬಹಳ ಯೋಚಿಸಿ, ತನಗೆ ಗುರುತಿಲ್ಲದ ಯಾರಿಗಾದರೂ ಕೊಡುವೆನೆಂದಳು. ಈಗ ರಾಜ್ಯದ ಗ್ರಾಮಪಂಚಾಯತಿಗಳ ಗ್ರಂಥಾಲಯಗಳು ಅರಿವು ಕೇಂದ್ರಗಳೆಂಬ ಹೆಸರಿನಿಂದ ನಡೆಯುತ್ತಿವೆ. ೨೦೨೦ರಲ್ಲಿ ಆರಂಭವಾದ ‘ಓದುವ ಬೆಳಕು’ ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತವಾಗಿ ಸದಸ್ಯತ್ವವುಂಟು. ಅಂತಹ ಕಡೆ ಮಕ್ಕಳು ಹೋಗಬೇಕು, ಒಳ್ಳೆಯ ಪುಸ್ತಕಗಳನ್ನು ಓದಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಒಬ್ಬ ಅಪರಿಚಿತನು ನಂಬಿ ಕೈಯಲ್ಲಿಟ್ಟ ಪುಸ್ತಕದ ರುಚಿಯೇ ಬೇರೆ.

ಹಿಂದಿರುಗುವ ಬಸ್ಸಿನಲ್ಲಿ ನಾವಿಬ್ಬರೂ ಆ ಅಲೆಮಾರಿಯ ವಿಷಯವನ್ನೇ ಮಾತನಾಡುತ್ತಿದ್ದೆವು. ಟಿಕೀಟು ಕೊಡಲು ಬಂದ ಕಂಡಕ್ಟರನು ನಮ್ಮ ಮಾತನ್ನು ಕೇಳಿ, ಕಂದು ಕಾಗದ ಹೊದಿಸಿದ ಪುಸ್ತಕವೇ ಎಂದು ವಿಚಾರಿಸಿದನು. ಅವನೂ ಅದನ್ನು ಓದಿದ್ದನು! ನಮ್ಮ ಮನೆಯವರು ಆಸೆಯಿಂದ, “ಕಳ್ಳನ ಹೆಸರು ಬೇಡಪ್ಪಾ. ಆ ಬಡಪಾಯಿಯನ್ನು ಬಿಟ್ಟರೋ ಇಲ್ಲವೋ, ಅದೊಂದನ್ನು ಹೇಳಿಬಿಡು” ಎಂದರು.

ಕಂಡಕ್ಟರನು ಚಿಲ್ಲರೆಯನ್ನು ಎಣಿಸುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದನು. “ಅದ ಹೇಳಿದ್ರೆ ಅರ್ಧ ಕಥೆ ಹೇಳ್ದಂಗಾತು ತಾಯಿ. ಹೇಳಂಗಿಲ್ಲ ಅಂತ ಬರೆದೈತಲ್ಲ. ಇರ್ಲಿ ಬಿಡ್ರಿ, ಈ ಲೈನಿನಾಗೇ ಓಡಾಡ್ತಿರ್ತೈತೆ, ಇನ್ನೊಂದ್ಸಲ ನಿಮ್ ಕೈಗೇ ಬರ್ತೈತೆ” ಎಂದು ಮುಂದಿನ ಸಾಲಿಗೆ ಹೋದನು.

ಅಂದಿನಿಂದ ಯಾವ ನಿಲ್ದಾಣದಲ್ಲಿ ಕುಳಿತರೂ, ಪಕ್ಕದವರ ಕೈಯಲ್ಲಿ ಕಂದು ಕಾಗದ ಹೊದಿಸಿದ ಪುಸ್ತಕವಿದೆಯೇ ಎಂದು ನಮ್ಮ ಮನೆಯವರು ಒಮ್ಮೆ ಕಣ್ಣಾಡಿಸುವರು. ನಾವೂ ಕಣ್ಣಾಡಿಸುವೆವು.